ಹಿಂದಿನ ಬಾಕಿ

ಕಾಪು ಹತ್ತಿರದ ನಮ್ಮ ಹಳ್ಳಿಯಲ್ಲಿ ನಮ್ಮ ಮನೆಗೆ ಈಗಲೂ ‘ಕುವೈತಿನವರ ಮನೆ’ ಅಂತಲೇ ಹೆಸರು. ಅಪ್ಪ ಕುವೈತಿನಲ್ಲಿ ಇದ್ದದ್ದು ಏಳು ವರ್ಷ. ವಾಪಸ್ ಬಂದು ಮೂವತ್ತು ವರ್ಷಗಳ ಮೇಲಾಯಿತು. ಆದರೂ ಪೋಸ್ಟ್‌ಮ್ಯಾನ್‌ಗೆ, ಗ್ಯಾಸ್ ಸಿಲಿಂಡರ್ ತರುವ ಹುಡುಗನಿಗೆ, ಮದುವೆ ಕಾಗದ ಹಂಚಲು ಬರುವವರಿಗೆ ನಾವು ಕುವೈತಿನವರೇ.

‘ನಾವು’ ಅಂದರೆ ಯಾರು ಅಂತ ಮೊದಲೇ ಹೇಳಿಬಿಡುತ್ತೇವೆ. ನಾವು ಅಣ್ಣ ತಮ್ಮ ಇಬ್ಬರು. ಒಬ್ಬರು ಇಲ್ಲಿ ಫ್ರೀಮಾಂಟಿನಲ್ಲಿ, ಇನ್ನೊಬ್ಬರು ಬೆಂಗಳೂರಿನಲ್ಲಿ. ಇಬ್ಬರೂ ಬಿ.ಕಾಂ., ಇಬ್ಬರದ್ದೂ ಲೆಕ್ಕ ಬರೆಯುವ ಕಸುಬು. ನಮಗಿಂತ ದೊಡ್ಡವಳು ಅಕ್ಕ. ಅವಳು ಊರಿನಲ್ಲೇ ಇದ್ದಾಳೆ. ಈ ಬರಹವನ್ನು ಫೋನಿನಲ್ಲಿ ಮಾತಾಡಿಕೊಂಡು, ಜಗಳ ಮಾಡಿಕೊಂಡು, ಇಬ್ಬರೂ ಸೇರಿಯೇ ಬರೆದದ್ದು.

ಪುಸ್ತಕದ ಪ್ರಕಾರ ಕುವೈತ್ ಯುದ್ಧ 1990ರ ಆಗಸ್ಟ್ 2ಕ್ಕೆ ಶುರುವಾಗಿ 1991ರ ಫೆಬ್ರವರಿ 28ಕ್ಕೆ ನಿಂತಿತು. ಏಳು ತಿಂಗಳು ಕೂಡ ತುಂಬಲಿಲ್ಲ. ನಮ್ಮ ಮನೆಯಲ್ಲಿ ಅದು ಎಷ್ಟು ಕಾಲ ನಡೆಯಿತು, ಯಾರ ಹೆಸರಿಗೆ ಎಷ್ಟು ಖರ್ಚು ಬಿತ್ತು ಅಂತ ನೋಡುವುದಕ್ಕೆ ಇದನ್ನು ಬರೆಯುತ್ತಿದ್ದೇವೆ. ಲೆಕ್ಕದವರಿಗೆ ಗೊತ್ತಿರುವ ಒಂದು ಸಂಗತಿ ಉಂಟು. ವರ್ಷ ಮುಗಿದಾಗ ಹಳೆಯ ಪುಸ್ತಕ ಮುಚ್ಚುತ್ತೇವೆ, ಹೊಸ ಪುಸ್ತಕ ತೆರೆಯುತ್ತೇವೆ. ಆದರೆ ಹೊಸ ಪುಸ್ತಕದ ಮೊದಲ ಸಾಲಿನಲ್ಲೇ ಹಿಂದಿನ ಬಾಕಿ ಬಂದು ಕೂತಿರುತ್ತದೆ.

ನಮ್ಮ ಮನೆಯ ಬಾಕಿ ಕುವೈತಿಗಿಂತಲೂ ಹಿಂದಿನದು. ಅಜ್ಜಿ ಹುಡುಗಿಯಾಗಿದ್ದಾಗ ಎರಡನೇ ಮಹಾಯುದ್ಧ. 1942ರ ಮಾರ್ಚ್‌ನಲ್ಲಿ ರಂಗೂನ್ ಜಪಾನಿನ ಕೈಗೆ ಹೋಯಿತು, ಬರ್ಮಾದಿಂದ ಬರುತ್ತಿದ್ದ ಅಕ್ಕಿ ನಿಂತಿತು. ದಕ್ಷಿಣದಲ್ಲೆಲ್ಲ ಅಕ್ಕಿಗೆ ಬರ, ಆಮೇಲೆ ರೇಷನ್. ಬೆಂಗಳೂರಿನ ಎಂ.ಟಿ.ಆರ್.ನವರು ರವೆ ಇಡ್ಲಿ ಶುರುಮಾಡಿದ್ದು ಆ ಅಕ್ಕಿ ಬರದ ಕಾಲದಲ್ಲೇ ಅಂತ ಅವರೇ ಹೇಳಿಕೊಳ್ಳುತ್ತಾರೆ. ಸನ್ನಿವೇಲ್‌ನಲ್ಲಿ ಕೂತು ನಾವು ಗೋಡಂಬಿ ಹಾಕಿದ ರವೆ ಇಡ್ಲಿ ತಿನ್ನುವಾಗ ಅದರಲ್ಲಿ ಒಂದು ಯುದ್ಧ ಉಂಟು ಅಂತ ಯಾರಿಗೆ ನೆನಪಾಗುತ್ತದೆ?

ಅಜ್ಜಿಯ ಮನೆಯವರು ಗೇಣಿ ಒಕ್ಕಲು. ಬೆಳೆದ ಭತ್ತ ಧಣಿಗೆ ಹೋದ ಮೇಲೆ ಉಳಿದದ್ದರಲ್ಲಿ ಬದುಕಬೇಕು. ಆ ಎರಡು ಮೂರು ವರ್ಷ ಗೆಣಸು, ಹಲಸಿನ ಬೀಜ, ಗಂಜಿಯ ತಿಳಿ ಅಂತ ಕಳೆದದ್ದನ್ನು ಅವರು ಹೇಳುತ್ತಿದ್ದರು. ಯುದ್ಧ ಅಂತ ಅವರ ಬಾಯಲ್ಲಿ ಎಂದೂ ಬಂದದ್ದಿಲ್ಲ. ‘ಅಕ್ಕಿ ಇಲ್ಲದ ವರ್ಷ’ ಅಂತಲೇ ಹೇಳುವುದು. ಆ ವರ್ಷದ ಒಂದು ಅಭ್ಯಾಸ ಅವರಿಗೆ ಸಾಯುವ ತನಕ ಇತ್ತು. ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅದರಿಂದ ಒಂದು ಹಿಡಿ ತೆಗೆದು ವಾಪಸ್ ಮುಡಿಗೆ ಹಾಕುವುದು. ಮುಡಿ ಹೋಗಿ ಡ್ರಮ್ ಬಂತು, ಡ್ರಮ್ ಹೋಗಿ ಪ್ಲಾಸ್ಟಿಕ್ ಡಬ್ಬ ಬಂತು. ಆ ಒಂದು ಹಿಡಿ ಬಿಡಲಿಲ್ಲ. ಅಮ್ಮನಿಗೂ ಅದೇ ಬಂತು. ಇಲ್ಲಿ ಫ್ರೀಮಾಂಟಿನಲ್ಲಿ ಕುಚ್ಚಲಕ್ಕಿಯ ಒಂದು ಚೀಲ ಅರ್ಧ ಆಗುವ ಮೊದಲೇ ಇನ್ನೊಂದು ಚೀಲ ಗ್ಯಾರೇಜಿನಲ್ಲಿ ಇರಬೇಕು. 2020ರ ಮಾರ್ಚ್‌ನಲ್ಲಿ ಅಂಗಡಿಗಳಲ್ಲಿ ಅಕ್ಕಿ ಸಿಗದೆ ಎಲ್ಲರೂ ಓಡಾಡಿದಾಗ ನಮ್ಮ ಮನೆಯಲ್ಲಿ ಎರಡು ಚೀಲ ಇತ್ತು. ಮಕ್ಕಳು ನಮ್ಮದು ಮುಂದಾಲೋಚನೆ ಅಂತ ಹೊಗಳಿದರು. ಅದು 1942ರ ಲೆಕ್ಕದ ಉಳಿಕೆ ಅಂತ ಅವರಿಗೆ ಗೊತ್ತಿಲ್ಲ.

ಇನ್ನು ಕುವೈತಿಗೆ ಬರೋಣ.

ಅಪ್ಪ ಅಲ್ಲಿ ಒಂದು ಕಟ್ಟಡದ ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಆಗ ಕುವೈತಿನಲ್ಲಿ ಸುಮಾರು 1,70,000 ಭಾರತೀಯರು. ನಮ್ಮ ಕರಾವಳಿಯವರೂ ಬಹಳ ಜನ. ತಿಂಗಳಿಗೊಂದು ಡ್ರಾಫ್ಟ್ ಬರುತ್ತಿತ್ತು, ಆ ಡ್ರಾಫ್ಟಿನ ಧೈರ್ಯದಲ್ಲಿ ಸೊಸೈಟಿಯಿಂದ ಸಾಲ ತೆಗೆದು ಹೊಸ ಮನೆಗೆ ಪಾಯ ಹಾಕಿ, ಗೋಡೆ ಲಿಂಟಲ್ ಮಟ್ಟಕ್ಕೆ ಬಂದಿತ್ತು. ಅಕ್ಕ ಎಸ್ಸೆಸ್ಸೆಲ್ಸಿ ಪಾಸಾಗಿ ಆ ಜೂನ್‌ನಲ್ಲಿ ಪಿಯುಸಿಗೆ ಸೇರಿದ್ದಳು. ನಾವಿಬ್ಬರೂ ಇನ್ನೂ ಪ್ರೈಮರಿ ಶಾಲೆ.

ಆಗಸ್ಟ್ 2, ಗುರುವಾರ. ಆಟಿ ತಿಂಗಳು, ಜೋರು ಮಳೆ. ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ್ದು ನಮಗೆ ಗೊತ್ತಾದದ್ದು ರೇಡಿಯೋದ ವಾರ್ತೆಯಲ್ಲಿ. ಊರಿನಲ್ಲಿ ಫೋನು ಇದ್ದದ್ದು ಒಂದು ಅಂಗಡಿಯಲ್ಲಿ. ಅಮ್ಮ ದಿನಾ ಸಂಜೆ ಕೊಡೆ ಹಿಡಿದುಕೊಂಡು ಅಲ್ಲಿಗೆ ಹೋಗಿ ಬೆಂಚಿನ ಮೇಲೆ ಕೂತು, ಅಂಗಡಿ ಮುಚ್ಚುವಾಗ ಎದ್ದು ಬರುವುದು. ಕುವೈತಿನ ಲೈನೇ ಇರಲಿಲ್ಲ. ಐವತ್ತು ದಿನ ಹೀಗೆ ಹೋಯಿತು. ಆ ಐವತ್ತು ದಿನದಲ್ಲಿ ಅಮ್ಮ ಅತ್ತದ್ದನ್ನು ನಾವು ನೋಡಲಿಲ್ಲ. ಮಾತು ಮಾತ್ರ ಕಡಿಮೆಯಾಯಿತು, ಅದು ಮತ್ತೆ ಮೊದಲಿನ ಹಾಗೆ ಆಗಲಿಲ್ಲ.

ಅಪ್ಪನ ಕಡೆಯ ಕತೆ ನಮಗೆ ತುಂಡು ತುಂಡಾಗಿ ಸಿಕ್ಕಿದ್ದು. ಬ್ಯಾಂಕು ಮುಚ್ಚಿತು. ಕಂಪನಿಯ ಮಾಲೀಕರು ಊರು ಬಿಟ್ಟರು, ಎರಡು ತಿಂಗಳ ಸಂಬಳ ಅಲ್ಲಿಗೇ ಹೋಯಿತು. ಆಮೇಲೆ ಬಸ್ಸು ಹಿಡಿದು ಬಸ್ರಾ, ಅಲ್ಲಿಂದ ಬಾಗ್ದಾದ್, ಅಲ್ಲಿಂದ ಮರುಭೂಮಿ ದಾಟಿ ಜೋರ್ಡಾನ್. ಗಡಿಯಲ್ಲಿ ರುವೈಶಿದ್ ಕಡೆ ಡೇರೆಗಳಲ್ಲಿ ಕಾಯುವುದು, ನೀರಿಗೆ ಕ್ಯೂ, ರೊಟ್ಟಿಗೆ ಕ್ಯೂ. ಕೊನೆಗೆ ಅಮ್ಮಾನ್, ಅಲ್ಲಿಂದ ವಿಮಾನದಲ್ಲಿ ಬೊಂಬಾಯಿ. ಏರ್ ಇಂಡಿಯಾದವರು ಸುಮಾರು ಎರಡು ತಿಂಗಳಲ್ಲಿ 488 ಸಲ ಹಾರಿ 1,11,000ಕ್ಕೂ ಹೆಚ್ಚು ಜನರನ್ನು ತಂದದ್ದು ಆಮೇಲೆ ಗಿನ್ನೆಸ್ ದಾಖಲೆಯಾಯಿತು. ಬೊಂಬಾಯಿಯಿಂದ ಊರಿಗೆ ಬಸ್ಸು. ಕೊಂಕಣ ರೈಲು ಇನ್ನೂ ಆಗಿರಲಿಲ್ಲ.

2016ರಲ್ಲಿ ‘ಏರ್‌ಲಿಫ್ಟ್’ ಸಿನಿಮಾ ಬಂದಾಗ ಅಪ್ಪನನ್ನು ಉಡುಪಿಗೆ ಕರೆದುಕೊಂಡು ಹೋಗಿ ತೋರಿಸಿದೆವು. ಮುಗಿದ ಮೇಲೆ ಹೇಗಿತ್ತು ಅಂತ ಕೇಳಿದರೆ, “ಹೀರೋ ಚೆನ್ನಾಗಿ ಮಾಡಿದ್ದಾನೆ. ನಾವು ಕ್ಯೂನಲ್ಲಿ ಹಿಂದೆ ಇದ್ದೆವು, ನಮಗೆ ಅವನು ಕಾಣಲಿಲ್ಲ” ಅಂದರು. ಅಷ್ಟೇ ಹೇಳಿದ್ದು.

ನವರಾತ್ರಿಯ ಹೊತ್ತಿಗೆ ಅಪ್ಪ ಮನೆಗೆ ಬಂದರು. ಗಲ್ಫಿನಿಂದ ಬರುವವರು ಅಂದರೆ ದೊಡ್ಡ ಪೆಟ್ಟಿಗೆ, ಸೆಂಟು, ಟ್ಯಾಂಗ್ ಡಬ್ಬ ಇರಬೇಕಲ್ಲ. ಅಪ್ಪನ ಕೈಯಲ್ಲಿ ಇದ್ದದ್ದು ಒಂದು ಪ್ಲಾಸ್ಟಿಕ್ ಕವರ್. ಅದರೊಳಗೆ ಪಾಸ್‌ಪೋರ್ಟ್, ಒಂದು ಅಂಗಿ, 42 ದಿನಾರ್ ನೋಟು. ಯುದ್ಧಕ್ಕೆ ಮೊದಲು ಒಂದು ದಿನಾರ್‌ಗೆ ಮೂರು ಡಾಲರಿನ ಮೇಲೆ ಬೆಲೆ. ಆಗ ಅದನ್ನು ಯಾರೂ ಮುಟ್ಟಲಿಲ್ಲ. ವಿಮೋಚನೆ ಆದ ಮೇಲೆ ಕುವೈತ್ ಹೊಸ ನೋಟು ತಂದು ಹಳೆಯದನ್ನು ರದ್ದು ಮಾಡಿತು. ಆ 42 ದಿನಾರ್ ಈಗಲೂ ಅಮ್ಮನ ಟ್ರಂಕಿನಲ್ಲಿ ಉಂಟು. ಅಪ್ಪನಿಗೆ ಈಗ ಎಂಬತ್ತರ ಹತ್ತಿರ. ಮಲಗುವಾಗ ತಲೆದಿಂಬಿನ ಕೆಳಗೆ ಒಂದು ಪ್ಲಾಸ್ಟಿಕ್ ಕವರ್ ಇರಲೇಬೇಕು. ಪಾಸ್‌ಪೋರ್ಟಿನ ಅವಧಿ ಮುಗಿದು ಎಷ್ಟೋ ಕಾಲ ಆಯಿತು, ಈಗ ಅದರೊಳಗೆ ಆಧಾರ್ ಕಾರ್ಡು, ರೇಷನ್ ಕಾರ್ಡು, ಅಜ್ಜಿಯ ಒಂದು ಫೋಟೊ.

ಮನೆಯ ಗೋಡೆ ಲಿಂಟಲ್ ಮಟ್ಟದಲ್ಲೇ ನಿಂತಿತು. ಮುರಕಲ್ಲಿನ ಗೋಡೆ ಒಂಬತ್ತು ಮಳೆಗಾಲ ನೆನೆಯಿತು. ಈಗ ಬಣ್ಣ ಹೊಡೆದಿದ್ದೇವೆ, ಆದರೂ ಹಿಂದಿನ ಗೋಡೆಗೆ ಸುಣ್ಣ ಎದ್ದಲ್ಲಿ ಕಾಣುತ್ತದೆ. ಕೆಳಗಿನ ಕಲ್ಲು ಪಾಚಿ ಹಿಡಿದ ಕಪ್ಪು, ಮೇಲಿನ ಕಲ್ಲು ಕೆಂಪು.

ಅಪ್ಪ ಮತ್ತೆ ಗಲ್ಫಿಗೆ ಹೋಗಲು ನೋಡಿದರು, ವೀಸಾಕ್ಕೆ ಕೊಡಲು ಹಣ ಇರಲಿಲ್ಲ. ರಸ್ತೆ ಬದಿಯಲ್ಲಿ ಒಂದು ಗೂಡಂಗಡಿ ಹಾಕಿದರು. ಅದರಲ್ಲಿ ಸಾಲದ ಬಡ್ಡಿಗೇ ಸರಿಹೋಗುತ್ತಿತ್ತು. ಅಕ್ಕ ಪಿಯುಸಿ ಬಿಟ್ಟಳು. ಯಾರೂ ಬಿಡು ಅಂತ ಹೇಳಲಿಲ್ಲ. ಒಂದು ಸೋಮವಾರ ಅವಳು ಕಾಲೇಜಿಗೆ ಹೋಗದೆ ಬೀಡಿ ಬ್ರಾಂಚಿಗೆ ಹೋಗಿ, ಎಲೆ ಮತ್ತು ಹೊಗೆಸೊಪ್ಪು ತಂದು, ಗೆರಸೆ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ನಮ್ಮೂರಿನ ಹೆಣ್ಣುಮಕ್ಕಳಿಗೆ ಆಗ ಮನೆಯಲ್ಲೇ ಕೂತು ದುಡಿಯಲು ಇದ್ದದ್ದು ಅದೊಂದೇ ದಾರಿ. ನಾವಿಬ್ಬರು ಹೈಸ್ಕೂಲು, ಪಿಯುಸಿ, ಆಮೇಲೆ ಉಡುಪಿಯಲ್ಲಿ ಬಿ.ಕಾಂ. ಮುಗಿಸಿದ್ದು ಆ ಗೆರಸೆಯ ಮೇಲೆಯೇ.

ಪರಿಹಾರದ ಫಾರ್ಮಿನ ವಿಷಯ ಇಲ್ಲಿ ಹೇಳಬೇಕು. 1991ರಲ್ಲಿ ವಿಶ್ವಸಂಸ್ಥೆ ಒಂದು ಪರಿಹಾರ ಆಯೋಗ ಮಾಡಿತು. ಇರಾಕಿನ ಆಕ್ರಮಣದಿಂದ ನಷ್ಟವಾದವರು ತಮ್ಮ ಸರಕಾರದ ಮೂಲಕ ಅರ್ಜಿ ಹಾಕಬಹುದಿತ್ತು. ಸುಮ್ಮನೆ ಊರು ಬಿಟ್ಟು ಓಡಬೇಕಾಯಿತು ಅಂತ ತೋರಿಸಿದವರಿಗೆ ತಲೆಗೆ 2,500 ಡಾಲರ್. ಬೇರೆ ಯಾವ ನಷ್ಟವನ್ನೂ ಕೇಳುವುದಿಲ್ಲ ಎಂದು ಒಪ್ಪಿದರೆ 4,000. ಸಂಬಳ, ಸಾಮಾನು, ಉಳಿತಾಯ ಹೀಗೆ ಪ್ರತ್ಯೇಕವಾಗಿ ಕೇಳುವವರಿಗೆ ಬೇರೆ ವರ್ಗ ಇತ್ತು, ಆದರೆ ಅದಕ್ಕೆ ದಾಖಲೆ ಬೇಕು. ಅಪ್ಪನ ಬಳಿ ಸಂಬಳದ ಒಂದು ಚೀಟಿಯೂ ಇರಲಿಲ್ಲ. 4,000 ಡಾಲರಿಗೆ ಸಹಿ ಹಾಕಿದರು. ಹಣ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಎರಡು ಕಂತಿನಲ್ಲಿ, ಒಟ್ಟು ಒಂದೂವರೆ ಲಕ್ಷ ರೂಪಾಯಿಯ ಮೇಲೆ. ಅದರಲ್ಲಿ ಸಾಲ ಸ್ವಲ್ಪ ತೀರಿತು, ಗೋಡೆ ಮೇಲೆ ಎದ್ದಿತು, ಹಂಚು ಕೂತಿತು.

ಲೆಕ್ಕದ ಕೆಲಸಕ್ಕೆ ಬಂದ ಮೇಲೆ ಆ ಫಾರ್ಮಿನ ನೆನಪು ನಮಗೆ ಆಗಾಗ ಬರುತ್ತದೆ. ಅದರಲ್ಲಿ ಕುವೈತಿನಲ್ಲಿ ಇದ್ದವನ ನಷ್ಟಕ್ಕೆ ಜಾಗ ಇತ್ತು. ಅವನನ್ನು ನಂಬಿ ಊರಿನಲ್ಲಿ ಇದ್ದವರ ನಷ್ಟಕ್ಕೆ ಇರಲಿಲ್ಲ. ಅಕ್ಕನ ಎರಡು ವರ್ಷದ ಪಿಯುಸಿ ಯಾವ ಕಾಲಂನಲ್ಲಿ ಬರೆಯುವುದು? ಫಾರ್ಮು ಮಾಡಿದವರನ್ನು ದೂರಿ ಪ್ರಯೋಜನ ಇಲ್ಲ. ಫಾರ್ಮಿಗೆ ಎಲ್ಲಾದರೂ ಗೆರೆ ಎಳೆಯಲೇಬೇಕು. ಗೆರೆಯ ಆಚೆ ಉಳಿದದ್ದನ್ನು ಮನೆಯವರೇ ಯಾರಾದರೂ ತುಂಬಬೇಕು. ನಮ್ಮ ಮನೆಯಲ್ಲಿ ತುಂಬಿದವಳಿಗೆ ಹದಿನೈದು ವರ್ಷ.

ಎರಡು ವರ್ಷದ ಹಿಂದೆ ಮಾಡು ರಿಪೇರಿ ಮಾಡಿಸುವಾಗ ಅಟ್ಟದಲ್ಲಿ ಒಂದು ಬಿಸ್ಕೆಟ್ ಡಬ್ಬ ಸಿಕ್ಕಿತು. ಒಳಗೆ ಅಕ್ಕನ ಬೀಡಿ ಪುಸ್ತಕಗಳು. ಕೊಟ್ಟ ಎಲೆ, ಕೊಟ್ಟ ಹೊಗೆಸೊಪ್ಪು, ತಂದ ಬೀಡಿ, ತೆಗೆದುಹಾಕಿದ ಬೀಡಿ, ದಿನ ದಿನದ ಲೆಕ್ಕ ಬ್ರಾಂಚಿನವರ ಕೈಬರಹದಲ್ಲಿ. ಒಂಬತ್ತು ವರ್ಷದ್ದು. ಬೆಂಗಳೂರಿನವರು ಫೋಟೊ ತೆಗೆದು ಇಲ್ಲಿಗೆ ಕಳಿಸಿದರು. ಅಂಕಿ ಕಂಡರೆ ಸುಮ್ಮನಿರುವ ಜಾತಿ ನಮ್ಮದಲ್ಲ, ಎಕ್ಸೆಲ್‌ಗೆ ಹಾಕಿದೆವು. ಸಾಮಾನ್ಯ ದಿನಗಳಲ್ಲಿ 600, 700 ಬೀಡಿ. ಮೇ ಕೊನೆಯಿಂದ ಜೂನ್ ಮಧ್ಯದ ತನಕ ಮಾತ್ರ ಅದು 1,000 ದಾಟುತ್ತದೆ. ಪ್ರತಿ ವರ್ಷವೂ ಹಾಗೆಯೇ. ಮೊದಲು ನಮಗೆ ಅರ್ಥವಾಗಲಿಲ್ಲ. ಮಳೆ ಶುರುವಾಗುವ ಕಾಲ, ಎಲೆ ಒದ್ದೆ, ಬೀಡಿ ಒಣಗುವುದಿಲ್ಲ, ಕಟ್ಟುವವರಿಗೆ ಅದು ಕಷ್ಟದ ತಿಂಗಳು. ಕಡಿಮೆ ಆಗಬೇಕಾದ ಅಂಕಿ ಏಕೆ ಏರಬೇಕು?

ಜೂನ್‌ನಲ್ಲಿ ನಮ್ಮ ಶಾಲೆ ಕಾಲೇಜಿನ ಫೀಸು.

ಅಕ್ಕನಿಗೆ ಫೋನು ಮಾಡಿ ಇಬ್ಬರೂ ಕೇಳಿದೆವು. “ಹೌದಾ? ನನಗೆ ನೆನಪೇ ಇಲ್ಲ ಮಾರಾಯ. ಜೂನ್‌ನಲ್ಲಿ ಮಳೆ, ಹೊರಗೆ ಹೋಗ್ಲಿಕ್ಕೆ ಉಂಟಾ? ಕೂತು ಕಟ್ಟಿದ್ದಿರಬೇಕು” ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಆ ಪುಸ್ತಕ ಬಿಸಾಡ್ಬೇಡಿ ಆಯ್ತಾ” ಅಂತ ಸೇರಿಸಿದಳು.

ಇನ್ನೊಂದು ಕಡೆಯ ಲೆಕ್ಕವನ್ನೂ ಬಿಡುವ ಹಾಗಿಲ್ಲ. ನಮ್ಮ ಮನೆಗೆ ಹಂಚು ಹಾಕಿದ ಆ 4,000 ಡಾಲರ್ ಎಲ್ಲಿಂದ ಬಂತು? ಇರಾಕಿನ ಎಣ್ಣೆಯಿಂದ. ಇರಾಕಿನ ಮೇಲೆ 1990ರ ಆಗಸ್ಟ್‌ನಿಂದಲೇ ಆರ್ಥಿಕ ದಿಗ್ಬಂಧನ. ಆಹಾರ, ಔಷಧಿಗಾಗಿ ಎಣ್ಣೆ ಮಾರಲು ಅವಕಾಶ ಸಿಕ್ಕಿ ಮಾರಾಟ ಶುರುವಾದದ್ದು 1996ರ ಡಿಸೆಂಬರ್‌ನಲ್ಲಿ. ಆ ಹಣದಲ್ಲಿ ನೂರಕ್ಕೆ ಮೂವತ್ತು ಪಾಲು ಪರಿಹಾರ ನಿಧಿಗೆ ಹೋಗುತ್ತಿತ್ತು. ಆ ಪಾಲು ಆಮೇಲೆ ಇಳಿಯುತ್ತಾ ಬಂತು. ಸುಮಾರು 27 ಲಕ್ಷ ಅರ್ಜಿಗಳಲ್ಲಿ ಕೇಳಿದ್ದು 352.5 ಬಿಲಿಯನ್ ಡಾಲರ್, ಮಂಜೂರಾದದ್ದು 52.4 ಬಿಲಿಯನ್. ಕೊನೆಯ ಕಂತು ಇರಾಕ್ ಕಟ್ಟಿದ್ದು 2022ರಲ್ಲಿ. ಯುದ್ಧ ಮುಗಿದ ವರ್ಷ ಬಾಗ್ದಾದಿನಲ್ಲಿ ಹುಟ್ಟಿದ ಮಗುವಿಗೆ ಆಗ ಮೂವತ್ತೊಂದು ವರ್ಷ. ಆ ಮಗು ಕುವೈತಿನ ಮೇಲೆ ದಂಡೆತ್ತಿ ಹೋದದ್ದಲ್ಲ. ಅಪ್ಪನಿಗೆ ಆ ಹಣ ನ್ಯಾಯವಾಗಿ ಸಿಗಬೇಕಾದದ್ದೇ, ಅದರಲ್ಲಿ ನಮಗೆ ಸಂಶಯ ಇಲ್ಲ. ಆದರೆ ಯುದ್ಧ ಮಾಡಿದವನ ಜೇಬಿನಿಂದ ಅದು ಬರಲಿಲ್ಲ. ಅಲ್ಲಿಯ ಯಾವುದೋ ಮನೆಯಲ್ಲಿ ಔಷಧಿಗೆ, ಸ್ಕೂಲಿಗೆ ಹೋಗಬೇಕಾಗಿದ್ದ ಹಣವೂ ಅದರಲ್ಲಿ ಸೇರಿತ್ತು. ಅಲ್ಲಿಯೂ ಒಬ್ಬಳು ಅಕ್ಕ ಇದ್ದಿರಬೇಕು.

ಇದೆಲ್ಲ ನಮ್ಮ ಒಂದು ಮನೆಯ ಸಂಗತಿ ಅಂತಲೇ ಬಹಳ ಕಾಲ ಅಂದುಕೊಂಡಿದ್ದೆವು. ಬೇ ಏರಿಯಾಕ್ಕೆ ಬಂದ ಮೇಲೆ ಕಣ್ಣು ಸ್ವಲ್ಪ ತೆರೆಯಿತು.

ಏರ್‌ಪೋರ್ಟಿಗೆ ಬಾರ್ಟ್‌ನಲ್ಲಿ ಹೋಗುವವರು ಸ್ಯಾನ್ ಬ್ರೂನೋ ಸ್ಟೇಷನ್ ದಾಟಿಯೇ ಹೋಗುತ್ತೀರಿ. ಅಲ್ಲಿ ಇಳಿದರೆ ಇಬ್ಬರು ಪುಟ್ಟ ಹುಡುಗಿಯರ ಕಂಚಿನ ಪ್ರತಿಮೆ ಉಂಟು. 2022ರಲ್ಲಿ ಇಟ್ಟದ್ದು. ಡೊರೊಥಿಯಾ ಲ್ಯಾಂಗ್ ಎಂಬ ಛಾಯಾಗ್ರಾಹಕಿ 1942ರಲ್ಲಿ ನಮ್ಮ ಪಕ್ಕದ ಹೇವರ್ಡ್‌ನಲ್ಲಿ ತೆಗೆದ ಫೋಟೊ ನೋಡಿ ಮಾಡಿದ್ದು. ಅಜ್ಜಿಗೆ ಅಕ್ಕಿ ಸಿಗದ ಅದೇ ವರ್ಷ, ಇಲ್ಲಿ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆ, ಅಂಗಡಿ, ಹೊಲ ಬಿಡಿಸಿ ಶಿಬಿರಗಳಿಗೆ ಕಳಿಸಿದರು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ಬೇ ಏರಿಯಾದ ಸಾವಿರಾರು ಜನರನ್ನು ಮೊದಲು ಇಟ್ಟದ್ದು ಈ ಸ್ಟೇಷನ್ ಇರುವಲ್ಲಿ, ಟ್ಯಾನ್‌ಫೊರಾನ್ ಕುದುರೆ ರೇಸಿನ ಮೈದಾನದಲ್ಲಿ. ಎಷ್ಟೋ ಸಂಸಾರಗಳಿಗೆ ಸಿಕ್ಕಿದ್ದು ಕುದುರೆ ಲಾಯ.

ಅವರ ಪರಿಹಾರದ ಚರಿತ್ರೆ ಓದಿದಾಗ ನಮಗೆ ಅಪ್ಪನ ಫಾರ್ಮು ಕಣ್ಣೆದುರು ಬಂತು. 1948ರಲ್ಲಿ ಒಂದು ಕಾನೂನು ಬಂತು, ಆಸ್ತಿ ನಷ್ಟಕ್ಕೆ ಮಾತ್ರ, ಅದೂ ದಾಖಲೆ ತೋರಿಸಿದರೆ. ಎರಡು ಸೂಟ್‌ಕೇಸ್ ಹಿಡಿದು ಹೊರಟವರ ಬಳಿ ರಸೀದಿ ಎಲ್ಲಿಂದ ಬರಬೇಕು? ಕೇಳಿದ್ದು ಸುಮಾರು 148 ಮಿಲಿಯನ್ ಡಾಲರ್, ಸಿಕ್ಕಿದ್ದು ಸುಮಾರು 37 ಮಿಲಿಯನ್. ಆಮೇಲೆ ಆ ತಲೆಮಾರಿನವರು ಬಾಯಿ ಮುಚ್ಚಿಕೊಂಡರು, ಮಕ್ಕಳಿಗೂ ಹೇಳಲಿಲ್ಲ. ಮಕ್ಕಳು ದೊಡ್ಡವರಾಗಿ ಕೇಳಲು ಶುರುಮಾಡಿದ ಮೇಲೆ 1981ರಲ್ಲಿ ಸರಕಾರದ ಒಂದು ಆಯೋಗ ಊರೂರಿನಲ್ಲಿ ಸಾಕ್ಷ್ಯ ತೆಗೆದುಕೊಂಡಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿಯೂ ನಡೆಯಿತು. ಸುಮಾರು ನಲವತ್ತು ವರ್ಷ ಸುಮ್ಮನಿದ್ದವರು ಮೈಕಿನ ಮುಂದೆ ಮಾತಾಡಿದರು. 1988ರಲ್ಲಿ ಕಾನೂನು ಬಂತು. ಸರಕಾರ ತಪ್ಪಾಯಿತು ಎಂದು ಹೇಳಿ, ಬದುಕಿದ್ದವರಿಗೆ ತಲೆಗೆ 20,000 ಡಾಲರ್ ಕೊಟ್ಟಿತು. ಮೊದಲ ಚೆಕ್ಕುಗಳು ಕೈಗೆ ಬಂದದ್ದು 1990ರ ಅಕ್ಟೋಬರ್‌ನಲ್ಲಿ. ಆ ಹೊತ್ತಿಗೆ ನಮ್ಮ ಅಪ್ಪ ಊರಿನಲ್ಲಿ ಗೂಡಂಗಡಿಗೆ ಹಲಗೆ ಹೊಡೆಯುತ್ತಿದ್ದರು. ಒಂದು ಯುದ್ಧದ ಲೆಕ್ಕ ಮುಗಿಯಲು ನಲವತ್ತೆಂಟು ವರ್ಷ ಹಿಡಿಯಿತು. ಕಾನೂನು ಬರುವ ಮೊದಲೇ ತೀರಿಹೋಗಿದ್ದವರಿಗೆ ಏನೂ ಇಲ್ಲ.

ನಮ್ಮ ಫ್ರೀಮಾಂಟಿನ ಸೆಂಟರ್‌ವಿಲ್‌ಗೆ ಲಿಟಲ್ ಕಾಬೂಲ್ ಅಂತ ಇನ್ನೊಂದು ಹೆಸರು ಇರುವುದು ನಿಮಗೆ ಗೊತ್ತು. ಅಲ್ಲಿಯ ನಾನ್ ತಿನ್ನದ ಕನ್ನಡಿಗರು ಕಡಿಮೆ. 2021ರ ಆಗಸ್ಟ್‌ನಲ್ಲಿ ಕಾಬೂಲಿನಿಂದ ವಿಮಾನದಲ್ಲಿ ಹೊರಗೆ ತಂದದ್ದು ಸುಮಾರು 1,20,000 ಜನ. ಮೂರು ಕಡೆಯೂ ಅಂಕಿ ಹೆಚ್ಚು ಕಡಿಮೆ ಒಂದೇ, ಲೆಕ್ಕದವರಿಗೆ ಅದು ಕಣ್ಣಿಗೆ ಬೀಳುತ್ತದೆ. ಅವರಲ್ಲಿ ಕೆಲವರು ನಮ್ಮ ಊರಿಗೂ ಬಂದರು. ಕಡಿಮೆ ಆದಾಯದವರಿಗೆ ತೆರಿಗೆ ರಿಟರ್ನ್ ಉಚಿತವಾಗಿ ತುಂಬಿಕೊಡುವ ‘ವೀಟಾ’ ಎಂಬ ಕಾರ್ಯಕ್ರಮ ಐಆರ್‌ಎಸ್‌ನದ್ದು ಉಂಟು. ಇಲ್ಲಿ ನಾವು ಗಂಡ ಹೆಂಡತಿ ಶನಿವಾರಗಳಲ್ಲಿ ಅದಕ್ಕೆ ಹೋಗುತ್ತೇವೆ. ಒಂದು ಶನಿವಾರ ಒಂದು ಸಂಸಾರ ಬಂತು. ಗುರುತು ಹೇಳುವ ಹಾಗಿಲ್ಲ, ಹೇಳುವುದೂ ಇಲ್ಲ. ತಂದೆಯ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್, ಅದರ ತುಂಬ ಕಾಗದ. ಇಂಗ್ಲಿಷ್ ಬರುತ್ತಿದ್ದದ್ದು ದೊಡ್ಡ ಮಗಳಿಗೆ ಮಾತ್ರ. ಅವಳೂ ತನ್ನ ಹೆಸರಿನ ಡಬ್ಲ್ಯೂ-2 ತಂದಿದ್ದಳು, ಅಂಗಡಿ ಕೆಲಸದ್ದು. ಹೈಸ್ಕೂಲು ಮುಗಿಯಲು ಬಂದಿದೆ, ಮುಂದೆ ಕಾಲೇಜಾ ಅಂತ ಕೇಳಿದ್ದಕ್ಕೆ, “ಆಮೇಲೆ. ತಮ್ಮಂದಿರಿದ್ದಾರೆ” ಅಂದಳು.

ಫಾರ್ಮಿನಲ್ಲಿ ಆ ಹುಡುಗಿ ತಂದೆಯ ‘ಅವಲಂಬಿತೆ’. ಕಾನೂನಿನ ಪ್ರಕಾರ ಸರಿಯೇ. ಆ ಮನೆಯಲ್ಲಿ ಯಾರ ಮೇಲೆ ಯಾರು ಅವಲಂಬಿಸಿದ್ದಾರೆ ಅಂತ ಹೇಳುವ ಕಾಲಂ ಈ ಫಾರ್ಮಿನಲ್ಲೂ ಇಲ್ಲ. ಹೊರಡುವ ಮೊದಲು ಓಲೋನಿ ಕಾಲೇಜಿನ ವಿಷಯ ಹೇಳಿದೆವು. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ಕಡಿಮೆ ಆದಾಯದವರಿಗೆ ಶುಲ್ಕ ಮನ್ನಾ ಉಂಟು, ಒಂದೆರಡು ವಿಷಯ ಮಾತ್ರ ತೆಗೆದುಕೊಂಡು ಕೆಲಸದ ಜೊತೆಗೂ ಓದಬಹುದು. ನಮ್ಮ ಓದುಗರಲ್ಲೂ ಕೆಲವರಿಗೆ ಇದು ಬೇಕಾಗಬಹುದು. ಅವಳು ಒಂದು ಚೀಟಿಯಲ್ಲಿ ಬರೆದುಕೊಂಡು ಫೋನಿನ ಕವರಿನೊಳಗೆ ಇಟ್ಟಳು. ಹೋದಳೋ ಇಲ್ಲವೋ ತಿಳಿಯದು. ತಂದೆಯ ಮುಂದೆ ಅದನ್ನು ಹೇಳಿದ್ದು ಬೇಕೆಂದೇ. ನಮ್ಮ ಅಕ್ಕನಿಗೆ 1990ರಲ್ಲಿ ಹಾಗೆ ಹೇಳುವವರು ಒಬ್ಬರೂ ಇರಲಿಲ್ಲ.

ಈ ವರ್ಷ ನಮ್ಮ ಮನೆಗೆ ಹೊಸ ಪುಟ ತೆರೆದಿದೆ. ಅಕ್ಕನ ಮಗಳು ನರ್ಸಿಂಗ್ ಮುಗಿಸಿದ್ದಾಳೆ. ಕೆಲಸ ಸಿಕ್ಕಿದ್ದು ಕುವೈತಿನಲ್ಲಿ. ಫೋನಿನಲ್ಲಿ ಈ ಸುದ್ದಿ ಕೇಳಿದಾಗ ನಮಗಿಬ್ಬರಿಗೂ ಮಾತು ಹೊರಡಲಿಲ್ಲ. ಅವಳಿಗೆ ಕುವೈತ್ ಅಂದರೆ ಒಳ್ಳೆಯ ಸಂಬಳ, ಅಷ್ಟೇ. ಅದು ತಪ್ಪೂ ಅಲ್ಲ. ಅಪ್ಪ ಎರಡು ದಿನ ಏನೂ ಹೇಳಲಿಲ್ಲ. ಮೂರನೇ ದಿನ ಮೊಮ್ಮಗಳನ್ನು ಕೂರಿಸಿಕೊಂಡು, ನಮಗೆ ಯಾರಿಗೂ ಹೇಳದ ಸಂಗತಿಗಳನ್ನು ಎರಡು ಗಂಟೆ ಹೇಳಿದರಂತೆ. ಡೇರೆಯಲ್ಲಿ ಪಕ್ಕದಲ್ಲಿ ಮಲಗಿದ್ದ ಒಬ್ಬರು ಬೆಳಿಗ್ಗೆ ಏಳಲಿಲ್ಲ ಎಂಬುದು ನಮಗೆ ಗೊತ್ತಾದದ್ದು ಹಾಗೆ, ಮೂವತ್ತು ವರ್ಷಗಳ ಮೇಲೆ, ಅಕ್ಕನ ಮಗಳ ಬಾಯಿಂದ.

ಆಮೇಲೆ ಅಪ್ಪ ಅವಳಿಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತೇವೆ, ಬೇರೆಯವರಿಗೂ ಉಪಯೋಗ ಆದೀತು. ಹೋದ ವಾರವೇ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸು. ಕೆಲಸದ ಒಪ್ಪಂದ, ಸಂಬಳದ ಚೀಟಿ, ಪಾಸ್‌ಪೋರ್ಟ್, ವೀಸಾ, ಬ್ಯಾಂಕಿನ ಕಾಗದ, ಎಲ್ಲದರ ನಕಲು ಎರಡು ಬೇರೆ ಊರಿನಲ್ಲಿ ಇರಲಿ. ಹಣವನ್ನು ಅಲ್ಲೇ ಕೂಡಿಡಬೇಡ, ತಿಂಗಳು ತಿಂಗಳು ಕಳಿಸು. ಪಾಸ್‌ಪೋರ್ಟ್ ಯಾರ ಕೈಗೂ ಇಟ್ಟುಕೊಳ್ಳಲು ಕೊಡಬೇಡ. ಒಂದು ಲೋಟ ನೀರು, ಒಂದು ಪೊಟ್ಟಣ ಬಿಸ್ಕೆಟ್ ಯಾವಾಗಲೂ ಚೀಲದಲ್ಲಿ ಇರಲಿ. ನಕಲುಗಳ ಒಂದು ಪ್ರತಿ ಬೆಂಗಳೂರಿನಲ್ಲಿ, ಒಂದು ಇಲ್ಲಿ ಫ್ರೀಮಾಂಟಿನಲ್ಲಿ ಇಟ್ಟಿದ್ದೇವೆ.

ಯುದ್ಧ ಕನ್ನಡಿಗರ ಮನೆಗೆ ಬರುವುದು ನಿಂತಿಲ್ಲ. ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ತೀರಿಕೊಂಡ. 2023ರಲ್ಲಿ ನಮ್ಮ ಹಕ್ಕಿಪಿಕ್ಕಿ ಜನ ಸುಡಾನಿನಲ್ಲಿ ಸಿಕ್ಕಿಬಿದ್ದರು. ಗಿಡಮೂಲಿಕೆ ಔಷಧಿ ಮಾರಲು ಅಷ್ಟು ದೂರ ಹೋದವರು. ಪೇಪರಿನಲ್ಲಿ ವಿಮಾನ ಇಳಿದ ದಿನದ ಫೋಟೊ ಬರುತ್ತದೆ. ಅದಾದ ಮೇಲೆ ಆ ಮನೆಗಳಲ್ಲಿ ಯಾರು ಶಾಲೆ ಬಿಟ್ಟರು, ಯಾರು ಸಾಲ ಕಟ್ಟಿದರು ಎಂಬುದು ಎಲ್ಲೂ ಬರುವುದಿಲ್ಲ.

ಹಾಗಾಗಿ ಓದುಗರಲ್ಲಿ ಒಂದು ಕೇಳಿಕೆ. ಕುವೈತ್, ಇರಾಕ್, ಯೆಮನ್, ಸುಡಾನ್, ಎಲ್ಲಿಂದಲಾದರೂ ಹಾಗೆ ಎದ್ದು ಬಂದವರು ನಿಮ್ಮ ಮನೆಯಲ್ಲಿ ಇದ್ದರೆ ಅವರನ್ನು ಕೇಳಿ, ಬರೆದಿಡಿ. ಬಂದವರನ್ನು ಕೇಳಿದ ಮೇಲೆ, ಮನೆಯಲ್ಲೇ ಇದ್ದವರನ್ನೂ ಕೇಳಿ. ಅವರು ಏನೂ ಇಲ್ಲ ಅನ್ನುತ್ತಾರೆ. ಅಟ್ಟದ ಮೇಲಿನ ಡಬ್ಬ ಒಮ್ಮೆ ತೆರೆದು ನೋಡಿ.

ಅಕ್ಕನ ಮಗಳು ಮುಂದಿನ ತಿಂಗಳು ಹೊರಡುತ್ತಾಳೆ. ಹೋಗಬೇಡ ಅಂತ ಯಾರೂ ಹೇಳಲಿಲ್ಲ. ಅಕ್ಕ ಒಂದೇ ಒಂದು ಷರತ್ತು ಹಾಕಿದ್ದಾಳೆ. “ನಿನ್ನ ಸಂಬಳ ನಿನ್ನ ಹೆಸರಿನ ಖಾತೆಗೇ ಬರಲಿ. ಮನೆಗೆ ಎಷ್ಟು ಕೊಟ್ಟೆ ಅಂತ ನೀನೇ ಬರೆದಿಟ್ಟುಕೋ. ಬೇರೆಯವರು ಬರೆಯುತ್ತಾರೆ ಅಂತ ಕೂತುಕೊಳ್ಳಬೇಡ.” ಬರೆಯಲು ಒಂದು ಪುಸ್ತಕವನ್ನೂ ತಂದುಕೊಟ್ಟಿದ್ದಾಳೆ. ನಾವು ಎಕ್ಸೆಲ್‌ನಲ್ಲಿ ಮಾಡಿಕೊಡುತ್ತೇವೆ ಅಂದೆವು. ಅಕ್ಕ ಒಪ್ಪಲಿಲ್ಲ.